ಮೂವತ್ತೊಂದು ಒಂದುಗಳು

ಲಂಡನ್ ಹೊರವಲಯದ ವುಲಿಚ್‌ನ ಸೇನಾ ಅಕಾಡೆಮಿಯಲ್ಲಿ ಗಣಿತದ ಪಾಠ ಹೇಳುತ್ತಿದ್ದ ಪೀಟರ್ ಬಾರ್ಲೋ 1811ರಲ್ಲಿ ಸಂಖ್ಯಾ ಸಿದ್ಧಾಂತದ ಮೇಲೊಂದು ಪುಸ್ತಕ ಬರೆದ. ಅದರಲ್ಲಿ 2305843008139952128 ಎಂಬ ಹತ್ತೊಂಬತ್ತು ಅಂಕಿಗಳ ಸಂಖ್ಯೆಯೊಂದನ್ನು ಪ್ರಸ್ತಾಪಿಸಿ ಭವಿಷ್ಯವನ್ನೂ ನುಡಿದ: ಈ ಜಾತಿಯ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದು ಮುಂದೆಂದೂ ಸಿಗಲಾರದು, ಕುತೂಹಲ ತಣಿಸುವುದು ಬಿಟ್ಟರೆ ಇವುಗಳಿಂದ ಉಪಯೋಗವೇನೂ ಇಲ್ಲ, ಹಾಗಾಗಿ ಹುಡುಕುವ ಗೋಜಿಗೆ ಯಾರೂ ಹೋಗಲಾರರು. ಬಾರ್ಲೋ ಬಾಯಿಗೆ ಬಂದಂತೆ ಮಾತಾಡುವ ಆಸಾಮಿಯಲ್ಲ. ಅವನು ಸಿದ್ಧಪಡಿಸಿದ ವರ್ಗ, ಘನ, ವರ್ಗಮೂಲಗಳ ಕೋಷ್ಟಕಗಳನ್ನು ಎಂಜಿನಿಯರುಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಮೇಜಿನ ಮೇಲಿಟ್ಟುಕೊಂಡಿದ್ದರು. ಈ ಒಂದು ಮಾತಿನಲ್ಲಿ ಮಾತ್ರ ಅವನು ಎರಡು ಸಲ ಸೋತ. ಅದಕ್ಕಿಂತ ದೊಡ್ಡವು ಸಿಕ್ಕವು. ಆ ಹತ್ತೊಂಬತ್ತು ಅಂಕಿಗಳ ಹೊಟ್ಟೆಯಲ್ಲಿದ್ದ ಅವಿಭಾಜ್ಯ ಸಂಖ್ಯೆಯೊಂದು ಇಂದು ಲೆಕ್ಕವಿಲ್ಲದಷ್ಟು ಕಂಪ್ಯೂಟರ್ ಪ್ರೋಗ್ರಾಂಗಳ ಒಳಗೆ ಕೂತಿದೆ.

ಆ ಅವಿಭಾಜ್ಯ 2147483647. ನಮ್ಮ ರೂಢಿಯಂತೆ ಓದಿದರೆ ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. ಹತ್ತೇ ಅಂಕಿ, ಮೊಬೈಲ್ ನಂಬರಿನಷ್ಟು ಉದ್ದ. 1 ಮತ್ತು ತಾನು, ಇವೆರಡನ್ನು ಬಿಟ್ಟರೆ ಬೇರೆ ಯಾವ ಸಂಖ್ಯೆಯೂ ಇದನ್ನು ನಿಶ್ಶೇಷವಾಗಿ ಭಾಗಿಸದು. 2, 3, 5, 7 ಎಂದು ಅವಿಭಾಜ್ಯಗಳನ್ನು ಸಾಲಾಗಿ ನಿಲ್ಲಿಸಿದರೆ ಇದರ ಸರದಿ 10,50,97,565ನೆಯದು. ಇದರ ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ಈ ಎತ್ತರದಲ್ಲಿ ಅಕ್ಕಪಕ್ಕದ ಅವಿಭಾಜ್ಯಗಳ ನಡುವೆ ಸರಾಸರಿ 21ರಷ್ಟು ಅಂತರ ಇರುತ್ತದೆ, ಆದ್ದರಿಂದ ನೆರೆಹೊರೆಯಲ್ಲೂ ವಿಶೇಷವಿಲ್ಲ. ಆದರೂ ಆ ಎರಡು ನೆರೆಯವನ್ನು ಕೇಳುವವರಿಲ್ಲ. ಇದಕ್ಕೆ ನಾಲ್ಕು ಶತಮಾನಗಳ ಚರಿತ್ರೆಯಿದೆ. ಅದಕ್ಕೆ ಕಾರಣ ಇದರ ಆಕಾರ.

ಹತ್ತರ ಪದ್ಧತಿಯಲ್ಲಿ ಬರೆದಾಗ ಆ ಆಕಾರ ಕಾಣುವುದಿಲ್ಲ. ಸೊನ್ನೆ ಮತ್ತು ಒಂದು ಮಾತ್ರ ಇರುವ ದ್ವಿಮಾನ ಪದ್ಧತಿಯಲ್ಲಿ ಬರೆದರೆ ಹೀಗಿರುತ್ತದೆ:

1111111111111111111111111111111

ಮೂವತ್ತೊಂದು ಒಂದುಗಳು, ನಡುವೆ ಒಂದಾದರೂ ಸೊನ್ನೆಯಿಲ್ಲ. ಹತ್ತರ ಪದ್ಧತಿಯ 999 ಸಾವಿರಕ್ಕೆ ಒಂದು ಕಡಿಮೆಯಾದಂತೆ, ಇದು 2ರ 31ನೆಯ ಘಾತಕ್ಕೆ ಒಂದು ಕಡಿಮೆ: 2³¹ − 1.

ಬರೀ ಒಂದುಗಳ ಈ ಸಾಲುಗಳಲ್ಲಿ ಅವಿಭಾಜ್ಯ ಯಾವುದು ಎಂದು ಹುಡುಕುವಾಗ ಅರ್ಧ ಕೆಲಸ ಕಣ್ಣಳತೆಯಲ್ಲೇ ಮುಗಿಯುತ್ತದೆ. ಆರು ಒಂದುಗಳನ್ನು ಮೂರು ಮೂರರ ಎರಡು ಗುಂಪು ಮಾಡಬಹುದು: 111111 ಎಂದರೆ 111 × 1001, ಅಂದರೆ 63 = 7 × 9. ಹದಿನೈದು ಒಂದುಗಳನ್ನು ಐದೈದರ ಮೂರು ಗುಂಪು ಮಾಡಬಹುದು, ಹಾಗಾಗಿ ಅದು 11111 ಎಂಬುದರಿಂದ, ಎಂದರೆ 31ರಿಂದ ಭಾಗವಾಗುತ್ತದೆ. ಒಂದುಗಳ ಎಣಿಕೆಯನ್ನು ಸಮ ಗುಂಪುಗಳಾಗಿ ಒಡೆಯಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. ಆದ್ದರಿಂದ ಸಾಲು ಅವಿಭಾಜ್ಯವಾಗಬೇಕಾದರೆ ಒಂದುಗಳ ಎಣಿಕೆ ತಾನೇ ಅವಿಭಾಜ್ಯವಾಗಿರಬೇಕು. ಎಣಿಕೆ ಅವಿಭಾಜ್ಯವಾದರೆ ಸಾಲೂ ಅವಿಭಾಜ್ಯವೇ ಎಂದು ಹಳಬರು ಬಹುಕಾಲ ನಂಬಿದ್ದರು. ಹನ್ನೊಂದು ಒಂದುಗಳ ಸಾಲು ಆ ನಂಬಿಕೆಯನ್ನು ಕೆಡಿಸಿತು: 2047 = 23 × 89.

ಮುಂದಿನದು ದುಡಿಮೆಯ ಕಥೆ. ಬೊಲೊನ್ಯಾದ ಪಿಯೆತ್ರೊ ಕತಾಲ್ಡಿ ಹದಿನೇಳು ಒಂದುಗಳ ಸಾಲನ್ನೂ (131071) ಹತ್ತೊಂಬತ್ತು ಒಂದುಗಳ ಸಾಲನ್ನೂ (524287) ಎಲ್ಲ ಸಣ್ಣ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ, ಎರಡೂ ಅವಿಭಾಜ್ಯವೆಂದು ತೋರಿಸಿದ. 1603ರಲ್ಲಿ ಅಚ್ಚು ಮಾಡಿಸಿದ. ಅಲ್ಲಿಗೆ ನಿಲ್ಲಬಹುದಿತ್ತು. ಹುಮ್ಮಸ್ಸಿನಲ್ಲಿ 23, 29, 31, 37 ಒಂದುಗಳ ಸಾಲುಗಳೂ ಅವಿಭಾಜ್ಯ ಎಂದುಬಿಟ್ಟ. 1640ರಲ್ಲಿ ಫರ್ಮಾ ಎರಡನ್ನು ಉರುಳಿಸಿದ: 23ರದ್ದನ್ನು 47 ಭಾಗಿಸುತ್ತದೆ, 37ರದ್ದನ್ನು 223. 29ರದ್ದನ್ನು 233 ಭಾಗಿಸುತ್ತದೆಂದು 1738ರಲ್ಲಿ ಆಯ್ಲರ್ ತೋರಿಸಿದ. ನಾಲ್ಕರಲ್ಲಿ ಉಳಿದದ್ದು ನಮ್ಮ 31 ಮಾತ್ರ. ಈ ನಡುವೆ 1644ರಲ್ಲಿ ಪ್ಯಾರಿಸ್ಸಿನ ಸನ್ಯಾಸಿ ಮರೆನ್ ಮರ್ಸೆನ್ 257ರವರೆಗಿನ ಪಟ್ಟಿಯೊಂದನ್ನು ಪ್ರಕಟಿಸಿದ. ಅದರಲ್ಲಿ 67 ಮತ್ತು 257 ತಪ್ಪಾಗಿ ಸೇರಿಕೊಂಡಿವೆ. 61, 89, 107 ಬಿಟ್ಟುಹೋಗಿವೆ. ಇಷ್ಟು ಎಡವಿದರೂ ಈ ವಂಶಕ್ಕೆಲ್ಲ ಅವನದೇ ಹೆಸರು, ಮರ್ಸೆನ್ ಸಂಖ್ಯೆಗಳು. ಹೆಸರು ಹಂಚುವಾಗ ಗಣಿತದ ಚರಿತ್ರೆ ಅಷ್ಟೇನೂ ನ್ಯಾಯ ನೋಡುವುದಿಲ್ಲ.

ಇನ್ನು 31. ಇದನ್ನು ಕತಾಲ್ಡಿಯ ದಾರಿಯಲ್ಲಿ ಪರೀಕ್ಷಿಸಬೇಕೆಂದರೆ 2147483647ರ ವರ್ಗಮೂಲದವರೆಗಿನ ಪ್ರತಿ ಅವಿಭಾಜ್ಯದಿಂದಲೂ ಭಾಗಿಸಿ ನೋಡಬೇಕು. ವರ್ಗಮೂಲ 46340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೆ 4792 ಅವಿಭಾಜ್ಯಗಳಿವೆ. ಹತ್ತಂಕಿ ಸಂಖ್ಯೆಯನ್ನು 4792 ಸಲ ಕೈಯಲ್ಲಿ ಭಾಗಿಸುವುದು ಅಸಾಧ್ಯವೇನಲ್ಲ. ಆದರೆ ಎಲ್ಲೋ ಒಂದು ಕಡೆ ಕೈತಪ್ಪಿದರೂ ಇಡೀ ಶ್ರಮ ನೀರುಪಾಲು, ಮತ್ತು ಎಲ್ಲಿ ತಪ್ಪಿತೆಂದು ತಿಳಿಯುವ ಬಗೆಯೂ ಇಲ್ಲ.

1772ರಲ್ಲಿ ಲಿಯೊನಾರ್ಡ್ ಆಯ್ಲರ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ. ವಯಸ್ಸು ಅರವತ್ತೈದು. ಹಿಂದಿನ ವರ್ಷವಷ್ಟೇ ಮನೆ ಬೆಂಕಿಗೆ ಆಹುತಿಯಾಗಿತ್ತು. ಕಣ್ಣಿನ ಪೊರೆಗೆ ಮಾಡಿಸಿದ ಶಸ್ತ್ರಚಿಕಿತ್ಸೆ ಕೆಲವು ದಿನ ಬೆಳಕು ಕೊಟ್ಟು ಕೈಕೊಟ್ಟಿತ್ತು. ಹೆಚ್ಚುಕಡಿಮೆ ಕುರುಡನಾಗಿದ್ದ ಈ ಮನುಷ್ಯ ಬರ್ನೂಲಿ ಮನೆತನದ ಗಣಿತಜ್ಞನೊಬ್ಬನಿಗೆ ಬರೆಸಿದ ಪತ್ರದಲ್ಲಿ, 2³¹ − 1 ಅವಿಭಾಜ್ಯವೆಂದು ತಾನು ಪರಿಶೀಲಿಸಿರುವುದಾಗಿ ತಿಳಿಸುತ್ತಾನೆ. ಪತ್ರದ ಆ ಭಾಗವನ್ನು ಬರ್ಲಿನ್ ಅಕಾಡೆಮಿ ಅಚ್ಚು ಹಾಕಿತು. ಪರಿಶೀಲಿಸಿದ ಬಗೆಯನ್ನು ಅವನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾನೆ: ಭಾಜಕವೇನಾದರೂ ಇದ್ದರೆ ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಲೇಬೇಕು, ಅಂಥ ಅವಿಭಾಜ್ಯಗಳನ್ನು ಮಾತ್ರ ನೋಡಿದರೆ ಸಾಕು.

ಈ 248 ಎಲ್ಲಿಂದ ಬಂತು? ಈ ಅಧ್ಯಾಯದ ತಿರುಳು ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಸಂಖ್ಯೆಗೆ ಒಂದು ಅವಿಭಾಜ್ಯ ಭಾಜಕ ಇದೆ ಎಂದಿಟ್ಟುಕೊಳ್ಳಿ. ಅದನ್ನು ‘ಭ’ ಎಂದು ಕರೆಯೋಣ. 1ರಿಂದ ಹೊರಡಿ. ಪ್ರತಿ ಹೆಜ್ಜೆಗೂ ಎರಡರಿಂದ ಗುಣಿಸಿ, ‘ಭ’ದಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಂಡು ಮುಂದೆ ನಡೆಯಿರಿ. 2³¹ − 1 ಎಂಬುದು ‘ಭ’ದಿಂದ ನಿಶ್ಶೇಷವಾಗಿ ಭಾಗವಾಗುವುದಾದರೆ 2³¹ರ ಶೇಷ 1. ಅಂದರೆ ಮೂವತ್ತೊಂದನೆಯ ಹೆಜ್ಜೆಗೆ ಹೊರಟಲ್ಲಿಗೇ ಬಂದಿರುತ್ತೀರಿ. ಅದಕ್ಕೂ ಮೊದಲೇ ಒಮ್ಮೆ ಬಂದಿರಬಹುದೇ? ಹಾಗೆ ಬಂದಿದ್ದರೆ ಆ ಸುತ್ತಿನ ಉದ್ದ 31ನ್ನು ಭಾಗಿಸಬೇಕು. 31 ಅವಿಭಾಜ್ಯ, ಆದ್ದರಿಂದ ಅದು ಆಗದ ಮಾತು. ಸರಿ, ಸರಿಯಾಗಿ 31 ಶೇಷಗಳ ಒಂದು ಉಂಗುರ ಸಿಕ್ಕಿತು. ಈಗ ಈ ಉಂಗುರದಲ್ಲಿಲ್ಲದ ಬೇರೊಂದು ಶೇಷದಿಂದ ಹೊರಡಿ. ಮತ್ತೆ 31ರ ಇನ್ನೊಂದು ಉಂಗುರ, ಮೊದಲನೆಯದಕ್ಕೂ ಇದಕ್ಕೂ ಒಂದೂ ಸದಸ್ಯ ಸಮಾನವಿಲ್ಲ. ಹೀಗೆ 1ರಿಂದ ‘ಭ − 1’ರವರೆಗಿನ ಶೇಷಗಳೆಲ್ಲ 31ರ ಉಂಗುರಗಳಾಗಿ ಚೊಕ್ಕವಾಗಿ ಹಂಚಿಹೋಗುತ್ತವೆ, ಒಂದೂ ಹೊರಗುಳಿಯುವುದಿಲ್ಲ. ಎಂದಮೇಲೆ ‘ಭ − 1’ ಎಂಬುದು 31ರ ಗುಣಕ. ‘ಭ’ ಬೆಸ ಸಂಖ್ಯೆ, ಹಾಗಾಗಿ ‘ಭ − 1’ ಸಮ. ಎರಡೂ ಸೇರಿ ಅದು 62ರ ಗುಣಕ. ಹನ್ನೊಂದು ಒಂದುಗಳ ಸಾಲಿನಲ್ಲಿ ಇದನ್ನು ತಾಳೆ ನೋಡಬಹುದು. 2047ರ ಭಾಜಕಗಳು 23 ಮತ್ತು 89. ಒಂದೊಂದು ಕಳೆದರೆ 22 ಮತ್ತು 88. ಎರಡೂ 22ರ ಗುಣಕಗಳೇ.

ಇಲ್ಲಿಗೆ 46340ರ ಕೆಳಗೆ ಉಳಿದ ಸಂಖ್ಯೆಗಳು 747 ಮಾತ್ರ. ಇನ್ನೊಂದು ಜರಡಿ ಇದೆ. 2³¹ರ ಶೇಷ 1 ಎಂದರೆ 2³²ರ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಅಂದರೆ ‘ಭ’ದ ಶೇಷಗಳ ಲೋಕದಲ್ಲಿ 2 ಒಂದು ವರ್ಗಸಂಖ್ಯೆಯಂತೆ ನಡೆದುಕೊಳ್ಳುತ್ತದೆ. 8ರಿಂದ ಭಾಗಿಸಿದಾಗ 1 ಅಥವಾ 7 ಶೇಷ ಉಳಿಸುವ ಅವಿಭಾಜ್ಯಗಳಿಗೆ ಮಾತ್ರ ಈ ಗುಣವಿದೆ. (ಇದರ ಸಾಧನೆ ಇಲ್ಲಿ ಬೇಡ, ಸಂಖ್ಯಾ ಸಿದ್ಧಾಂತದ ಯಾವ ಪಠ್ಯದಲ್ಲಾದರೂ ಸಿಗುತ್ತದೆ.) 62ರ ಗುಣಕಕ್ಕೆ ಒಂದು ಕೂಡಿಸಿದ 1, 63, 125, 187 ಈ ನಾಲ್ಕನ್ನು 8ರಿಂದ ಭಾಗಿಸಿದರೆ ಶೇಷ ಕ್ರಮವಾಗಿ 1, 7, 5, 3, ಐದನೆಯದಾದ 249ರಿಂದ ಅದೇ ಆವರ್ತನೆ ಮತ್ತೆ ಶುರು. ನಾಲ್ಕರಲ್ಲಿ ಎರಡು ಬಿದ್ದುಹೋದವು. ಉಳಿದವು 248ರ ಗುಣಕಕ್ಕೆ 1 ಅಥವಾ 63 ಕೂಡಿಸಿದವು. 747 ಇದ್ದದ್ದು 373ಕ್ಕೆ ಇಳಿಯಿತು.

ಆ 373ರಲ್ಲೂ ಬಹುಪಾಲು ಜೊಳ್ಳೇ. 63 ಅವಿಭಾಜ್ಯವಲ್ಲ, 249 = 3 × 83, 497 = 7 × 71, 559 = 13 × 43. ಮೊದಲು ಸಿಗುವ ನಿಜವಾದ ಅಭ್ಯರ್ಥಿ 311. ಅದರ ನಂತರ 1303, ಆಮೇಲೆ 1489. ಹೀಗೆ ಮೇಲಿನ ತನಕ ಎಣಿಸಿದರೆ 80ರ ಆಸುಪಾಸು. 4792 ಭಾಗಾಕಾರ ಮಾಡಬೇಕಿದ್ದಲ್ಲಿ ಸುಮಾರು 80! ನೂರಕ್ಕೆ ತೊಂಬತ್ತೆಂಟು ಪಾಲು ಕೆಲಸವನ್ನು ಆಯ್ಲರ್ ಒಂದೇ ಒಂದು ಭಾಗಾಕಾರವನ್ನೂ ಮಾಡದೆ ಮುಗಿಸಿಬಿಟ್ಟಿದ್ದ. ಬೇಕಿದ್ದರೆ ಮೊದಲನೆಯದನ್ನು ನೀವೇ ಮಾಡಿ ನೋಡಿ: 2147483647ನ್ನು 311ರಿಂದ ಭಾಗಿಸಿದರೆ ಭಾಗಲಬ್ಧ 6905092, ಶೇಷ 35. ಉಳಿದವುಗಳಲ್ಲೂ ಎಲ್ಲಿಯೂ ಶೇಷ ಸೊನ್ನೆಯಾಗುವುದಿಲ್ಲ.

ಆಯ್ಲರ್‌ನ ಅನೇಕ ಮಹಾನ್ ಫಲಿತಾಂಶಗಳ ಮುಂದೆ ಇದು ಚಿಲ್ಲರೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇದೇ ಬಗೆಯ ಯೋಚನೆಯಿಂದ ಅವನು ನಲವತ್ತು ವರ್ಷ ಮೊದಲೇ, 1732ರಲ್ಲಿ, ಫರ್ಮಾ ಅವಿಭಾಜ್ಯವೆಂದು ನಂಬಿದ್ದ 2³² + 1 ಎಂಬ ಸಂಖ್ಯೆಯನ್ನು 641 × 6700417 ಎಂದು ಒಡೆದಿದ್ದ. ಭಾಜಕ ಸಿಕ್ಕಾಗ ಗೆಲುವು ಎಲ್ಲರಿಗೂ ಕಾಣುತ್ತದೆ, ಗುಣಿಸಿ ನೋಡಿದರಾಯಿತು. ಭಾಜಕ ಇಲ್ಲ ಎಂದು ತೋರಿಸುವಾಗ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ, ತರ್ಕವೊಂದೇ ಆಧಾರ. ಅಂದಹಾಗೆ, ಒಂದು ಸಂಖ್ಯೆಯ ವರ್ಗದಿಂದ ಅದನ್ನೇ ಕಳೆದು 41 ಕೂಡಿಸಿದರೆ 1ರಿಂದ 40ರವರೆಗೂ ಅವಿಭಾಜ್ಯಗಳೇ ಬರುತ್ತವೆ ಎಂಬ ಪ್ರಸಿದ್ಧ ಚಮತ್ಕಾರವೂ ಅದೇ ಪತ್ರದಲ್ಲಿದೆ. ಪತ್ರವೊಂದು, ನಿಧಿ ಎರಡು.

ಬಾರ್ಲೋನ ಹತ್ತೊಂಬತ್ತಂಕಿಯ ಲೆಕ್ಕವನ್ನೂ ಇಲ್ಲೇ ತೀರಿಸಿಬಿಡೋಣ. 6ರ ಭಾಜಕಗಳು 1, 2, 3, ಕೂಡಿದರೆ 6. 28ರವು 1, 2, 4, 7, 14, ಕೂಡಿದರೆ 28. ಇವು ಪರಿಪೂರ್ಣ ಸಂಖ್ಯೆಗಳು. ಬರೀ ಒಂದುಗಳ ಅವಿಭಾಜ್ಯವೊಂದು ಸಿಕ್ಕರೆ, ಅದನ್ನು 2ರ ತಕ್ಕ ಘಾತದಿಂದ ಗುಣಿಸಿ ಪರಿಪೂರ್ಣ ಸಂಖ್ಯೆ ಪಡೆಯಬಹುದೆಂದು ಯೂಕ್ಲಿಡ್ ಹೇಳಿದ್ದ: 2 × 3, 4 × 7, 16 × 31, ಹೀಗೆ. ಸಮ ಪರಿಪೂರ್ಣ ಸಂಖ್ಯೆಗಳೆಲ್ಲ ಈ ಅಚ್ಚಿನವೇ ಎಂದು ಸಾಧಿಸಿದವನು ಮತ್ತದೇ ಆಯ್ಲರ್. ಬಾರ್ಲೋ ಕೊಟ್ಟದ್ದು 2³⁰ × 2147483647. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಇವತ್ತಿಗೂ ಬಗೆಹರಿದಿಲ್ಲ.

ಅತಿ ದೊಡ್ಡ ಅವಿಭಾಜ್ಯವೆಂಬ ಪಟ್ಟ ನಮ್ಮ ಸಂಖ್ಯೆಯ ಕೈಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನ ತನಕ ಉಳಿಯಿತು. 1876ರಲ್ಲಿ ಫ್ರಾನ್ಸಿನ ಎದುವಾರ್ ಲೂಕಾ 127 ಒಂದುಗಳ ಸಾಲು ಅವಿಭಾಜ್ಯವೆಂದು ತೋರಿಸಿದಾಗ ಅಂಕಿಗಳ ಎಣಿಕೆ ಹತ್ತರಿಂದ ಮೂವತ್ತೊಂಬತ್ತಕ್ಕೆ ಹಾರಿತ್ತು. ಅವನು ಭಾಗಾಕಾರವನ್ನೇ ಕೈಬಿಟ್ಟಿದ್ದ. ಅವನ ಉಪಾಯಕ್ಕೆ ಮುಂದೆ ಅಮೆರಿಕದ ಡೆರಿಕ್ ಲೆಹ್ಮರ್ ಒಪ್ಪ ಕೊಟ್ಟು ಹೀಗೆ ಮಾಡಿದ: 4ರಿಂದ ಶುರುಮಾಡಿ, ವರ್ಗ ಮಾಡಿ 2 ಕಳೆಯಿರಿ, ಪರೀಕ್ಷೆಗಿಟ್ಟ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ, ಮತ್ತೆ ವರ್ಗ ಮಾಡಿ. ಒಂದುಗಳ ಎಣಿಕೆಗಿಂತ ಎರಡು ಕಡಿಮೆ ಸಲ ಇಷ್ಟು ಮಾಡಿದಾಗ ಶೇಷ ಸೊನ್ನೆ ಬಂದರೆ ಅದು ಅವಿಭಾಜ್ಯ, ಬರದಿದ್ದರೆ ಅಲ್ಲ. ಐದು ಒಂದುಗಳ 31ಕ್ಕೆ ಮಾಡಿ ನೋಡಿ: 4, 14, 194, ಅದರ ಶೇಷ 8, ಕೊನೆಗೆ 62, ಶೇಷ ಸೊನ್ನೆ. ನಮ್ಮ ಸಂಖ್ಯೆಗೆ ಇಪ್ಪತ್ತೊಂಬತ್ತೇ ಸುತ್ತು. ತಾಳ್ಮೆಯಿರುವ ಹೈಸ್ಕೂಲ್ ವಿದ್ಯಾರ್ಥಿನಿಯೊಬ್ಬಳು ಕಾಗದ, ಪೆನ್ಸಿಲ್ ಹಿಡಿದು ರಜೆಯ ಒಂದು ದಿನದಲ್ಲಿ ಮುಗಿಸಬಹುದಾದ ಕೆಲಸ.

ಎಂಥ ಆಕಾರದ ಸಂಖ್ಯೆಯನ್ನಾದರೂ ಖಚಿತವಾಗಿ, ಹೆಚ್ಚು ಕಾಲ ಹಿಡಿಯದಂತೆ ಪರೀಕ್ಷಿಸುವ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕಂಡುಹಿಡಿದರು. ಸಿದ್ಧಾಂತದ ದೃಷ್ಟಿಯಿಂದ ಅದು ಎಲ್ಲಕ್ಕಿಂತ ಮಿಗಿಲು. ಆದರೆ ದಾಖಲೆ ಬೇಟೆಗಾರರು ಈಗಲೂ ಒಂದುಗಳ ಸಾಲಿನ ಹಿಂದೆಯೇ ಇದ್ದಾರೆ, ಏಕೆಂದರೆ ಆ ಆಕಾರ ಕೊಡುವ ಸಲೀಸು ಬೇರೆಲ್ಲೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ದಾಖಲೆಯ ಅವಿಭಾಜ್ಯದಲ್ಲಿ 13,62,79,841 ಒಂದುಗಳಿವೆ. ಹತ್ತರ ಪದ್ಧತಿಯಲ್ಲಿ ಬರೆದರೆ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳು.

ಇನ್ನು ಈ ಸಂಖ್ಯೆ ಕಂಪ್ಯೂಟರಿಗೆ ಬಂದ ಬಗೆ. ಅದಕ್ಕೂ ಅವಿಭಾಜ್ಯತೆಗೂ ಸಂಬಂಧವಿಲ್ಲ. ಬಹುಕಾಲ ಕಂಪ್ಯೂಟರುಗಳು ಪೂರ್ಣಾಂಕಗಳನ್ನು 32 ಬಿಟ್‌ಗಳ ಮನೆಯಲ್ಲಿ ಇಡುತ್ತಿದ್ದವು; ಈಗಲೂ ಅನೇಕ ಪ್ರೋಗ್ರಾಂಗಳು ಹಾಗೇ ಮಾಡುತ್ತವೆ. ಒಂದು ಬಿಟ್ ಧನ, ಋಣ ಚಿಹ್ನೆಗೆ ಹೋದರೆ ಉಳಿಯುವುದು 31. ಅಷ್ಟೂ ಬಿಟ್‌ಗಳಲ್ಲಿ 1 ತುಂಬಿದಾಗ ಬರುವ ಅತಿ ದೊಡ್ಡ ಸಂಖ್ಯೆಯೇ 2147483647. ಅದು ಅವಿಭಾಜ್ಯವಾದದ್ದು ಶುದ್ಧ ಕಾಕತಾಳೀಯ. 8 ಬಿಟ್‌ಗಳ ಮನೆಯ ಗರಿಷ್ಠ 127, ಅವಿಭಾಜ್ಯ. 16 ಬಿಟ್‌ಗಳ ಗರಿಷ್ಠ 32767, ಅಂದರೆ 7 × 31 × 151. 64 ಬಿಟ್‌ಗಳದ್ದು ಇನ್ನೂ ಚೂರುಚೂರು. 7ರಿಂದಲೇ ಎರಡು ಸಲ ಭಾಗವಾಗುತ್ತದೆ. 128 ಬಿಟ್‌ಗಳ ಗರಿಷ್ಠ ಮಾತ್ರ ಮತ್ತೆ ಅವಿಭಾಜ್ಯ, ಲೂಕಾನ ಅದೇ ಮೂವತ್ತೊಂಬತ್ತಂಕಿ.

ಮನೆ ತುಂಬಿದ ಮೇಲೆ ಒಂದು ಕೂಡಿಸಿದರೆ ಚಿಹ್ನೆಯ ಬಿಟ್ ಮಗುಚಿ, ಸಾಮಾನ್ಯವಾಗಿ ಸಂಖ್ಯೆ ನೇರವಾಗಿ −2147483648ಕ್ಕೆ ಬೀಳುತ್ತದೆ. 2014ರ ಡಿಸೆಂಬರಿನಲ್ಲಿ ‘ಗಂಗ್ನಮ್ ಸ್ಟೈಲ್’ ವಿಡಿಯೊ ನೋಡಿದವರ ಎಣಿಕೆ ಈ ಗಡಿ ಮುಟ್ಟಿದಾಗ, ಎಣಿಕೆಯನ್ನು 64 ಬಿಟ್‌ಗೆ ಏರಿಸಿರುವುದಾಗಿ ಯೂಟ್ಯೂಬ್ ಪ್ರಕಟಿಸಿತು. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿರುವ ಹಳೆಯ ಮಾದರಿಯ ಯುನಿಕ್ಸ್ ಗಡಿಯಾರಗಳು ಇದೇ ಅಂಚಿಗೆ ಬರುವುದು 2038ರ ಜನವರಿ 19ರಂದು, ಭಾರತೀಯ ಕಾಲಮಾನದಲ್ಲಿ ಮಂಗಳವಾರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಅಷ್ಟರೊಳಗೆ ಬದಲಾಯಿಸದೆ ಬಿಟ್ಟ ಯಂತ್ರಗಳಿಗೆ ಮರು ಸೆಕೆಂಡೇ 1901ರ ಡಿಸೆಂಬರ್ ಬರುತ್ತದೆ. ಬೋಯಿಂಗ್ 787 ವಿಮಾನವನ್ನು ಸತತ 248 ದಿನ ವಿದ್ಯುತ್ ಕಡಿಯದೆ ಚಾಲೂ ಇಟ್ಟರೆ ಅದರ ಜನರೇಟರ್ ನಿಯಂತ್ರಕಗಳೊಳಗಿನ ಎಣಿಕೆ ತುಂಬಿ ಹರಿಯುತ್ತದೆಂದು ಅಮೆರಿಕದ ವಿಮಾನಯಾನ ಆಡಳಿತ 2015ರಲ್ಲಿ ಎಚ್ಚರಿಸಿತು. ಸೆಕೆಂಡಿನ ನೂರನೆಯ ಒಂದು ಭಾಗವನ್ನು ಒಂದೊಂದಾಗಿ ಎಣಿಸುತ್ತ ಹೋದರೆ 2³¹ ಮುಟ್ಟಲು 248 ದಿನ, ಹದಿಮೂರು ಗಂಟೆ ಬೇಕು, ಲೆಕ್ಕ ತಾಳೆಯಾಗುತ್ತದೆ. ಆಯ್ಲರ್‌ನ 248ಕ್ಕೂ ಈ 248ಕ್ಕೂ ನಂಟು ಕಟ್ಟಲು ಹೊರಡಬೇಡಿ, ಇಲ್ಲ.

ಅವಿಭಾಜ್ಯತೆಯೇ ಕೆಲಸಕ್ಕೆ ಬಂದ ಒಂದು ಕಡೆ ಇದೆ. ಕಂಪ್ಯೂಟರಿನಿಂದ ದಾಳ ಹಾಕಿಸುವ ಕೆಲಸ ಅದು. ಆಟಗಳಿಗೆ, ಭೌತಶಾಸ್ತ್ರದ ಅನುಕರಣೆಗಳಿಗೆ, ಸಮೀಕ್ಷೆಯ ಮಾದರಿ ಆರಿಸಲು ಅಡ್ಡಾದಿಡ್ಡಿ ಸಂಖ್ಯೆಗಳು ರಾಶಿಗಟ್ಟಲೆ ಬೇಕು. ಯಂತ್ರಕ್ಕೆ ಅಡ್ಡಾದಿಡ್ಡಿತನ ಗೊತ್ತಿಲ್ಲ, ಲೆಕ್ಕ ಮಾತ್ರ ಗೊತ್ತು. ಹಾಗಾಗಿ ಅಡ್ಡಾದಿಡ್ಡಿಯಂತೆ ಕಾಣುವ ಲೆಕ್ಕವೊಂದನ್ನು ಹೂಡಬೇಕು. ಲೆಹ್ಮರ್ 1949ರಲ್ಲಿ ಮುಂದಿಟ್ಟ ಉಪಾಯ ನೀವು ಈಗಾಗಲೇ ಕಂಡಿರುವಂಥದ್ದೇ: ಒಂದು ಸಂಖ್ಯೆಯಿಂದ ಹೊರಟು, ಗೊತ್ತಾದ ಗುಣಕದಿಂದ ಗುಣಿಸಿ, ಗೊತ್ತಾದ ಭಾಜಕದಿಂದ ಭಾಗಿಸಿ, ಶೇಷ ಇಟ್ಟುಕೊಂಡು ಮುಂದೆ ಸಾಗುವುದು. ಆಯ್ಲರ್‌ನ ಉಂಗುರವೇ ಇದು. ಅವನು ‘ಭಾಜಕ ಇದ್ದರೆ’ ಎಂದು ಕಲ್ಪಿಸಿಕೊಂಡು ಉಂಗುರ ಸುತ್ತಿದ. ಇಲ್ಲಿ 2147483647ನ್ನೇ ಭಾಜಕವಾಗಿ ಕೂರಿಸಿ ಉಂಗುರ ಸುತ್ತುತ್ತೇವೆ.

ಉಂಗುರ ಎಷ್ಟು ಉದ್ದ ಎಂಬುದು ಗುಣಕದ ಮೇಲಿದೆ. 2ನ್ನು ಗುಣಕ ಮಾಡಿಕೊಂಡರೆ ಕೆಲಸ ಕೆಟ್ಟಿತು: 31 ಹೆಜ್ಜೆಗೆ ಮತ್ತೆ 1. ಶೇಷಗಳೆಲ್ಲ 6,92,73,666 ಪುಟ್ಟ ಉಂಗುರಗಳಾಗಿ ಚೆದುರಿಹೋಗುತ್ತವೆ. 7ನ್ನು ಹಿಡಿದರೆ ಚಿತ್ರವೇ ಬೇರೆ. ಎಲ್ಲ 2147483646 ಶೇಷಗಳೂ ಒಂದೇ ಉಂಗುರದಲ್ಲಿ ಪೋಣಿಸಿಕೊಂಡು, ಪ್ರತಿಯೊಂದೂ ಒಂದೇ ಸಲ ಬಂದು, ಆಮೇಲಷ್ಟೇ 1 ಮರಳುತ್ತದೆ. ಇಂಥ ಗುಣಕಕ್ಕೆ ಆದಿಮ ಮೂಲ ಎನ್ನುತ್ತಾರೆ. 1 ಕಡಿಮೆ ಇರುವ 2147483646 ಚೂರುಚೂರಾಗಿ ಒಡೆಯುವ ಸಂಖ್ಯೆಯಾದದ್ದು ಇಲ್ಲಿ ವರವಾಗುತ್ತದೆ: 2 × 3 × 3 × 7 × 11 × 31 × 151 × 331. ಉಂಗುರದ ಉದ್ದ ಇದರ ಭಾಜಕವೇ ಆಗಿರಬೇಕಾದ್ದರಿಂದ, 7ರ ಏಳು ಘಾತಗಳನ್ನು ಪರೀಕ್ಷಿಸಿದರೆ ನಡುವೆ ಉಂಗುರ ಮುಚ್ಚಿಕೊಳ್ಳುವುದಿಲ್ಲವೆಂದು ಖಾತ್ರಿಯಾಗುತ್ತದೆ. ಹಾಗೆ ಖಾತ್ರಿಯಾದರೆ 2147483647 ಅವಿಭಾಜ್ಯವೆಂಬುದೂ ಜೊತೆಯಲ್ಲೇ ಸಿದ್ಧವಾಯಿತು, ಏಕೆಂದರೆ ಸಂಯುಕ್ತ ಸಂಖ್ಯೆಗೆ ಅಷ್ಟು ಉದ್ದದ ಉಂಗುರ ಹುಟ್ಟುವುದಿಲ್ಲ. ಇಂಥ ಆದಿಮ ಮೂಲಗಳು ಒಟ್ಟು ಎಷ್ಟೆಂದು ಎಣಿಸಿದರೆ ಬರುವ ಉತ್ತರ ನನಗೆ ಪ್ರತಿ ಸಲವೂ ಖುಷಿ ಕೊಡುತ್ತದೆ: 53,46,00,000. ಯಾರೋ ಸುತ್ತುಮಾಡಿ ಬರೆದಂತಿದೆ; ಅಲ್ಲ, ಕರಾರುವಾಕ್ಕಾದ ಎಣಿಕೆಯೇ ಅಷ್ಟು.

7 ತೀರಾ ಚಿಕ್ಕದು. ಸಣ್ಣ ಸಂಖ್ಯೆಯ ಬೆನ್ನಿಗೇ ಸಣ್ಣ ಸಂಖ್ಯೆ ಬಂದು ಗುಟ್ಟು ರಟ್ಟಾಗುತ್ತದೆ. ಆದ್ದರಿಂದ 7ರ ಐದನೆಯ ಘಾತ 16807ನ್ನು ಆರಿಸಿದರು. 5 ಎಂಬುದು 2147483646ನ್ನು ಭಾಗಿಸದ ಅವಿಭಾಜ್ಯವಾದ್ದರಿಂದ ಪೂರ್ಣ ಉಂಗುರಕ್ಕೆ ಧಕ್ಕೆಯಿಲ್ಲ. 1ರಿಂದ ಹೊರಟರೆ ಸಿಗುವವು 16807, 282475249, 1622650073, 984943658, ಹೀಗೆ. 1969ರಲ್ಲಿ ಐಬಿಎಂನ ಸಿಸ್ಟಂ/360 ಕಂಪ್ಯೂಟರಿಗೆ ಇದನ್ನು ಅಳವಡಿಸಿದರು. ಸ್ಟೀಫನ್ ಪಾರ್ಕ್ ಮತ್ತು ಕೀತ್ ಮಿಲ್ಲರ್ 1988ರಲ್ಲಿ, ಬೇರೇನೂ ಗೊತ್ತಿಲ್ಲದಿದ್ದರೆ ಕನಿಷ್ಠ ಇದನ್ನಾದರೂ ಬಳಸಿ ಎಂದು ಶಿಫಾರಸು ಮಾಡಿದರು. ಬರೆದ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ಅವರು ಕೊಟ್ಟ ಪರೀಕ್ಷೆ ಸೊಗಸಾಗಿದೆ: 1ರಿಂದ ಹೊರಟು 10,000 ಹೆಜ್ಜೆ ನಡೆದರೆ 1043618065 ಸಿಗಬೇಕು.

ಭಾಗಾಕಾರ ಯಂತ್ರಕ್ಕೂ ನಿಧಾನದ ಕೆಲಸ. ಒಂದುಗಳ ಸಾಲಾದ್ದರಿಂದ ಇಲ್ಲಿ ಅದೂ ಬೇಡ. ಒಂದು ಸಂಖ್ಯೆಯನ್ನು 9ರಿಂದ ಭಾಗಿಸಿದ ಶೇಷ ಬೇಕಾದಾಗ ನಾವು ಅಂಕಿಗಳನ್ನು ಕೂಡಿಬಿಡುತ್ತೇವಲ್ಲ, ಅದೇ ತಂತ್ರ: ಗುಣಲಬ್ಧವನ್ನು 31 ಬಿಟ್‌ಗಳಲ್ಲಿ ಕತ್ತರಿಸಿ, ಮೇಲಿನ ತುಂಡನ್ನು ಕೆಳಗಿನದಕ್ಕೆ ಕೂಡಿದರೆ ಮುಗಿಯಿತು.

ಇದರ ಬದಲು ಭಾಜಕವಾಗಿ 2³¹ನ್ನೇ, ಒಂದು ಕಳೆಯದೆ, ಇಟ್ಟುಕೊಂಡರೆ ಇನ್ನೂ ಸುಲಭವಲ್ಲವೇ? ಹಾಗೆ ಮಾಡಿದವರಿದ್ದರು. 65539ನ್ನು ಗುಣಕವಾಗಿಟ್ಟುಕೊಂಡ ರಾಂಡು ಎಂಬ ಪ್ರೋಗ್ರಾಂ 1960ರ ದಶಕದಿಂದ ಎಲ್ಲೆಡೆ ಹಬ್ಬಿತ್ತು. ಅದರಿಂದ ಬಂದ ಸಂಖ್ಯೆಗಳನ್ನು ಮೂರು ಮೂರಾಗಿ ತೆಗೆದುಕೊಂಡು ಒಂದು ಘನಾಕೃತಿಯೊಳಗೆ ಬಿಂದುಗಳಾಗಿ ಗುರುತಿಸಿದರೆ, ಎಲ್ಲ ಬಿಂದುಗಳೂ ಹದಿನೈದೇ ಸಮತಲಗಳ ಮೇಲೆ ಸಾಲಾಗಿ ಕೂರುತ್ತವೆ. ಅದನ್ನು ನಂಬಿ ಮಾಡಿದ ಲೆಕ್ಕಗಳೆಲ್ಲ ಅನುಮಾನಕ್ಕೊಳಗಾದವು. ತಪ್ಪು ಮುಖ್ಯವಾಗಿ ಆ ಗುಣಕದ್ದು. ಆದರೆ 2ರ ಘಾತ ಭಾಜಕವಾದಾಗ ಸಂಖ್ಯೆಗಳ ಕೊನೆಯ ಬಿಟ್‌ಗಳು ತೀರಾ ಚಿಕ್ಕ ಸುತ್ತಿನಲ್ಲಿ ಗಿರಕಿ ಹೊಡೆಯುವ ದೋಷ ಯಾವ ಗುಣಕದಿಂದಲೂ ಹೋಗುವುದಿಲ್ಲ. ಅವಿಭಾಜ್ಯ ಭಾಜಕಕ್ಕೆ ಆ ಕಾಟವಿಲ್ಲ. 2147483647ಕ್ಕೆ ಬೇರೊಂದು ಮಿತಿಯಿದೆ. ಇನ್ನೂರ ಹದಿನಾಲ್ಕು ಕೋಟಿಯ ಉಂಗುರವನ್ನು ಇಂದಿನ ಯಂತ್ರ ಕೆಲವೇ ಸೆಕೆಂಡುಗಳಲ್ಲಿ ಸುತ್ತಿಮುಗಿಸುತ್ತದೆ. ಹೀಗಾಗಿ ಗಂಭೀರ ಕೆಲಸಗಳು ಬೇರೆ ವಿಧಾನಗಳ ಪಾಲಾದವು. ಅವುಗಳಲ್ಲಿ ಬಹಳ ಪ್ರಸಿದ್ಧವಾದ, 1997ರ ಮರ್ಸೆನ್ ಟ್ವಿಸ್ಟರ್‌ನ ಸುತ್ತಿನ ಉದ್ದವೂ ಒಂದು ಮರ್ಸೆನ್ ಅವಿಭಾಜ್ಯವೇ, 19937 ಒಂದುಗಳದ್ದು.

ಕೊನೆಯದಾಗಿ ಒಂದು ಆಸೆಬುರುಕ ಪ್ರಶ್ನೆ. 5 ಅವಿಭಾಜ್ಯ. ಐದು ಒಂದುಗಳ ಸಾಲು 31, ಅದೂ ಅವಿಭಾಜ್ಯ. ಮೂವತ್ತೊಂದು ಒಂದುಗಳದ್ದು 2147483647, ಅದೂ ಅವಿಭಾಜ್ಯ. ಹಾಗಾದರೆ 2147483647 ಒಂದುಗಳ ಸಾಲು? ಹತ್ತರ ಪದ್ಧತಿಯಲ್ಲಿ ಬರೆದರೆ ಅದು 64 ಕೋಟಿ 64 ಲಕ್ಷ ಅಂಕಿಗಳ ಸಂಖ್ಯೆ. ಇವತ್ತಿನ ದಾಖಲೆಯ ಅವಿಭಾಜ್ಯಕ್ಕಿಂತ ಹದಿನೈದು ಪಟ್ಟಿಗೂ ಹೆಚ್ಚು ಉದ್ದ. ಲೂಕಾ–ಲೆಹ್ಮರ್ ಪರೀಕ್ಷೆಗೆ ಅದನ್ನು ಒಡ್ಡುವುದು ಇಂದಿಗೂ ಹೆಣಗಾಟವೇ. ಆದರೆ ಭಾಜಕ ಹುಡುಕಲು ಸಂಖ್ಯೆಯನ್ನು ಬರೆಯಲೇ ಬೇಕಿಲ್ಲ. ಆಯ್ಲರ್‌ನ ಉಂಗುರದ ವಾದ ಇಲ್ಲಿಗೂ ಹಾಗೆಯೇ ಅನ್ವಯಿಸುತ್ತದೆ: ಭಾಜಕದಿಂದ ಒಂದು ಕಳೆದರೆ ಅದು 2147483647ರ ಎರಡರಷ್ಟರ, ಅಂದರೆ 4294967294ರ ಗುಣಕವಾಗಿರಬೇಕು; 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಇರಬೇಕು. ಅಂಥ ಅಭ್ಯರ್ಥಿಯೊಂದನ್ನು ಪರೀಕ್ಷಿಸಲು ಮೂವತ್ತೊಂದು ಸಲ ವರ್ಗ ಮಾಡಿ ಶೇಷ ನೋಡಿದರೆ ಸಾಕು. ಹಾಗೆ ಹುಡುಕಿದವರಿಗೆ ಭಾಜಕ ಸಿಕ್ಕಿದೆ: 295257526626031. ಒಂದು ಕಳೆದು 4294967294ರಿಂದ ಭಾಗಿಸಿ ನೋಡಿ. 68745, ಶೇಷ ಸೊನ್ನೆ.